ಸಿರಿಮನೆ ಕಡೆಯ ತಪ್ಪಿಗೆ ಮೇಗುಂದದಲ್ಲಿ ನೋಟಿಸು

ಸಿಟ್ಟಿನಲ್ಲಿದ್ದಾಗ ಕಾಗದ ಬರೆಯಬೇಡ, ಒಂದು ರಾತ್ರಿ ಮಲಗಿ ಎದ್ದು ಬರಿ ಎಂದು ನನ್ನ ದೊಡ್ಡಪ್ಪ ಹೇಳುತ್ತಿದ್ದರು. ಅವರ ಮಾತಿಗೆ ಬೆಲೆ ಕೊಟ್ಟು ನಾನು ಒಂದು ರಾತ್ರಿಯಲ್ಲ, ಎರಡು ಮಳೆಗಾಲ ಮಲಗಿ ಎದ್ದಿದ್ದೇನೆ. ಸಿಟ್ಟು ಇಳಿಯಲಿಲ್ಲ. ಇನ್ನು ಕಾದು ಪ್ರಯೋಜನವಿಲ್ಲ ಎಂದು ಬರೆಯಲು ಕೂತೆ. ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇರುವುದರಿಂದ ಬೇರೆಯವರಿಗೆ ತೀರಾ ಅನ್ಯಾಯವಾಗಲಿಕ್ಕಿಲ್ಲ.

ನನ್ನ ಕೆಲಸ, ಮೊಬೈಲ್ ಟವರ್‌ಗಳು ಗಾಳಿಗೆ ಬಿಡುವ ಸಿಗ್ನಲ್ ಅಳೆದು ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು. ಟವರ್ ಕಂಪನಿಯದ್ದು. ನಾನು ಕಂಪನಿಯವನಲ್ಲ, ಅವರ ಗುತ್ತಿಗೆದಾರರ ಕೈಕೆಳಗಿನ ಇನ್ನೊಬ್ಬ ಗುತ್ತಿಗೆದಾರರ ನೌಕರ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರು ತಾಲ್ಲೂಕು ನನ್ನ ಪಾಲಿಗೆ. ಜೊತೆಗೆ ಒಂದು ಜೀಪು, ನನಗಿಂತ ಹತ್ತು ವರ್ಷ ಹಿರಿಯ ಡ್ರೈವರು, ಒಂದು ಅಳತೆಯ ಪೆಟ್ಟಿಗೆ, ಮೀನಿನ ಮುಳ್ಳಿನ ಹಾಗಿರುವ ದಿಕ್ಕು ಹಿಡಿಯುವ ಆಂಟೆನಾ, ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಬಿಡಿಸಿ ನೋಡುವ ಸಾಫ್ಟ್‌ವೇರ್.

ದೂರು ಬಂದದ್ದು ಮಳೆಗಾಲ ಹಿಡಿದು ಹದಿನೈದಿಪ್ಪತ್ತು ದಿನವಾದ ಮೇಲೆ. ಮೇಗುಂದದ ಕಡೆಯ ಒಂದು ಊರು. ಫೋನಿನಲ್ಲಿ ಕಡ್ಡಿಗಳು ಭರ್ತಿ ಇರುತ್ತವೆ, ಕರೆ ಮಾತ್ರ ಹೋಗುವುದಿಲ್ಲ. ಹೋದರೂ ಅವರ ಮಾತು ನಮಗೆ ಕೇಳುತ್ತದೆ, ನಮ್ಮ ಮಾತು ಅವರಿಗಿಲ್ಲ. ಈ ಲಕ್ಷಣ ಕೇಳಿದ ಕೂಡಲೇ ನಮ್ಮಂಥವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಟವರಿನ ಬಾಯಿ ಸರಿಯಿದೆ, ಕಿವಿಗೆ ತೊಂದರೆ. ಫೋನುಗಳು ಮೆಲ್ಲಗೆ ಹೇಳುವುದನ್ನು ಟವರ್ ಕೇಳಿಸಿಕೊಳ್ಳಬೇಕು; ಆ ಹೊತ್ತಿಗೆ ಯಾರೋ ಹತ್ತಿರ ಕೂತು ಗಲಾಟೆ ಮಾಡುತ್ತಿದ್ದಾರೆ.

ನಾವು ಹೋದ ದಿನ ಬೆಳಿಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಟವರಿನ ಬುಡದಲ್ಲಿ ನಿಂತು ಪೆಟ್ಟಿಗೆ ಹಚ್ಚಿದೆ. ಪರದೆಯ ಮೇಲೆ, ಸಮ ನೆಲದ ಹಾಗಿರಬೇಕಾದಲ್ಲಿ, ಅಕ್ಕಿಮುಡಿ ಮಲಗಿಸಿದಂತೆ ದಪ್ಪ ಉಬ್ಬು. ಮುಳ್ಳಿನ ಆಂಟೆನಾವನ್ನು ಸುತ್ತ ತಿರುಗಿಸಿದೆ. ಪಡುವಣಕ್ಕೆ ಹಿಡಿದಾಗ ಉಬ್ಬು ಏರಿತು. ಅದೇ ದಿಕ್ಕಿನಲ್ಲಿ, ಅರ್ಧ ಫರ್ಲಾಂಗು ಕೆಳಗೆ, ರಸ್ತೆ ಕವಲೊಡೆಯುವಲ್ಲಿ ಒಂದು ಅಂಗಡಿ. ಅಂಗಡಿಯ ಶೀಟಿನ ಮೇಲೆ ಕಬ್ಬಿಣದ ಪೈಪು, ಪೈಪಿನ ತುದಿಯಲ್ಲಿ ಬಿಳಿ ಆಂಟೆನಾ.

"ಸಿಕ್ಕಿದ ಕಳ್ಳ," ಎಂದೆ.

"ಇಷ್ಟು ಬೇಗನಾ ಸಾರ್?" ಡ್ರೈವರ್ ಕೊಡೆ ಹಿಡಿದುಕೊಂಡೇ ನಕ್ಕರು. "ಹಾಗಾದ್ರೆ ಊಟಕ್ಕೆ ಕೊಪ್ಪ ಮುಟ್ಬಹುದು."

ಅದು ಆನ್‌ಲೈನ್ ಅಂಗಡಿ. ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಝೆರಾಕ್ಸು, ಪಾಸ್‌ಪೋರ್ಟ್ ಫೋಟೊ. ನಡೆಸುವವರು ಒಬ್ಬ ಹೆಂಗಸು, ನಲವತ್ತರ ಆಸುಪಾಸು. ಅಕ್ಕ ಎಂದೇ ಕರೆದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಮೂಲೆಯಲ್ಲಿ ಒಂದು ಬೂಸ್ಟರ್, ಹೊರಗಿನ ಸಿಗ್ನಲ್ ಎಳೆದು ಒಳಗೆ ಜೋರು ಮಾಡುವ ಪೆಟ್ಟಿಗೆ, ಹಸಿರು ದೀಪ ಮಿಣುಕಿಸುತ್ತ ಕೂತಿತ್ತು.

"ಇದನ್ನ ಇಡ್ಲಿಕ್ಕೆ ಪರವಾನಗಿ ಇದೆಯಾ ಅಕ್ಕ?"

"ಇದಕ್ಕೂ ಪರವಾನಗಿ ಬೇಕಾ? ಫೋನಲ್ಲಿ ಆರ್ಡರ್ ಮಾಡಿದ್ದು ಸಾರ್, ಬಾಗಿಲಿಗೆ ತಂದುಕೊಟ್ರು. ಇಡಬಾರದ್ದಾದ್ರೆ ಮಾರ್ತಾರಾ?"

ಕಾನೂನು ಹೇಳಿದೆ. ಇದರಿಂದ ಇಡೀ ಊರಿನ ಫೋನು ಕೆಟ್ಟಿದೆ ಎಂದೆ. ಅವರ ಮುಖ ಸಣ್ಣದಾಯಿತು. ಎದ್ದು ಸ್ವಿಚ್ ಆರಿಸಿದರು. "ತಪ್ಪಾಯ್ತು. ಈಗ ಆರ್ಸಿದೀನಿ. ಹೋಗಿ ನೋಡಿ, ಸರಿ ಆಯ್ತಾ ಅಂತ."

ಹೋಗಿ ನೋಡಬೇಕಿತ್ತು. ಈ ಕೆಲಸದ ಮೊದಲ ಪಾಠವೇ ಅದು. ಅನುಮಾನದ ಯಂತ್ರ ಆರಿಸು, ಪರದೆ ನೋಡು, ಹಚ್ಚು, ನೋಡು, ಮೂರು ಸಲ ಮಾಡು. ಇನ್ನೊಂದು ಪಾಠ, ದಿಕ್ಕನ್ನು ಒಂದೇ ಜಾಗದಿಂದ ಹಿಡಿಯಬೇಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಜ್ಜಿ ಓದುಬರಹ ಇಲ್ಲದೆಯೇ ಹೇಳುತ್ತಿದ್ದಳು. ಆದರೆ ಅರ್ಧ ಫರ್ಲಾಂಗು ಏರು, ಮಳೆ, ಎನ್.ಆರ್.ಪುರದಲ್ಲಿ ಮಧ್ಯಾಹ್ನಕ್ಕೆ ಇನ್ನೊಂದು ಕೆಲಸ. ಬೂಸ್ಟರಿನ ಫೋಟೊ ಹೊಡೆದು, "ಅಕ್ರಮ ಬೂಸ್ಟರ್ ಪತ್ತೆ, ಸ್ಥಗಿತಗೊಳಿಸಲಾಗಿದೆ" ಎಂದು ಜೀಪಿನಲ್ಲೇ ಕೂತು ವರದಿ ಕಳಿಸಿದೆ. ಅಂಗಡಿಯ ಹೆಸರನ್ನೂ ಬರೆದೆ.

ಆಮೇಲೆ ನಡೆದದ್ದೇ ಅನ್ಯಾಯದ ಗಂಟು. ಎರಡು ದಿನಕ್ಕೆ ಮಳೆ ಹೊಳವಾಯಿತು, ಬಿಸಿಲು ಬಿತ್ತು, ಊರಿನ ಫೋನು ತನ್ನಷ್ಟಕ್ಕೆ ಸರಿಯಾಯಿತು! ಕಂಪನಿಯ ಮ್ಯಾನೇಜರ್ ಫೋನ್ ಮಾಡಿ "ಒಂದೇ ವಿಸಿಟ್‌ನಲ್ಲಿ ಕ್ಲೋಸ್, ಗುಡ್" ಎಂದರು. ನಾನು ಉಬ್ಬಿದೆ. ಕಂಪನಿಯವರು ನನ್ನ ವರದಿಯ ಮೇಲೆ ಒಂದು ಕಾಗದ ಮಾಡಿ ಪಂಚಾಯ್ತಿಗೆ ಕಳಿಸಿದರು. ಇಂಥ ಅಂಗಡಿಯವರು ಅಕ್ರಮ ಉಪಕರಣ ಬಳಸಿ ಸಾರ್ವಜನಿಕ ಸೇವೆಗೆ ಅಡ್ಡಿ ಮಾಡಿದ್ದಾರೆ, ಸಂಬಂಧಪಟ್ಟ ಕಚೇರಿಗೆ ದೂರು ಕೊಡಲಾಗಿದೆ ಎಂದು. ಪಂಚಾಯ್ತಿಯವರು ಅದನ್ನು ಹೊರಗೆ ಅಂಟಿಸಿದರು. ಓದು ಬಂದವರು ಓದಿದರು, ಬಾರದವರಿಗೆ ಓದಿದವರು ಹೇಳಿದರು.

ಮೂರು ವಾರ ಕಳೆದಿರಬೇಕು. ಗೊತ್ತಿಲ್ಲದ ನಂಬರಿನಿಂದ ಫೋನು.

"ನಾನು ಮೇಗುಂದದ ಕಡೆಯವಳು, ಬೂಸ್ಟರಿನ ಕಳ್ಳಿ. ಜಯಪುರದ ಬಸ್‌ಸ್ಟ್ಯಾಂಡಿಂದ ಮಾತಾಡ್ತಿದೀನಿ. ನಮ್ಮೂರಿಂದ ಮಾತಾಡ್ಲಿಕ್ಕೆ ಆಗೋದಿಲ್ಲ ಅಂತ ಬಸ್ ಹತ್ತಿ ಬಂದೆ."

"ಏನಾಯ್ತು ಅಕ್ಕ?"

"ಎಂತ ಆಯ್ತಾ? ಮಳೆ ಹಿಡೀತು, ಮತ್ತೆ ಫೋನ್ ಸತ್ತವು. ಊರವರೆಲ್ಲ ಎಂತ ಹೇಳ್ತಿದಾರೆ ಗೊತ್ತುಂಟಾ? ಅವಳು ಕದ್ದು ಮತ್ತೆ ಹಚ್ಚಿದಾಳೆ ಅಂತ. ಪಕ್ಕದ ಮನೆ ಹಿರಿಯರು ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡ್ರು. ಆಂಬುಲೆನ್ಸಿಗೆ ಫೋನ್ ಹೋಗ್ಲಿಲ್ಲ. ಸರಕಿನ ಗಾಡೀಲಿ ಮಲಗಿಸ್ಕೊಂಡು ಕೊಪ್ಪಕ್ಕೆ ಹೋದ್ರು. ಆ ಮನೆಯವರು ನನ್ನತ್ರ ಮಾತು ಬಿಟ್ಟಿದಾರೆ. ಇಪ್ಪತ್ತು ವರ್ಷ ಅವರ ಮನೆ ಮಜ್ಜಿಗೆ ಕುಡಿದವಳು ನಾನು. ಈಗ ನಾನು ಬೇಲಿ ಹತ್ರ ಬಂದ್ರೆ ಅವರು ಒಳಗೆ ಹೋಗ್ತಾರೆ."

ನಾನು ಆಗ ಕೇಳಿದ ಪ್ರಶ್ನೆ ನೆನೆದರೆ ಈಗಲೂ ಮೈ ಉರಿಯುತ್ತದೆ. "ನಿಜ ಹೇಳಿ ಅಕ್ಕ, ಒಂದು ಸಲವೂ ಮತ್ತೆ ಹಚ್ಚಿಲ್ವಾ?"

ಆ ಕಡೆ ಬಸ್ಸಿನ ಹಾರ್ನಿಗಿಂತ ಜೋರಾಗಿ ಅವರು ದನಿ ಏರಿಸಿದರು.

"ಅದರ ವಯರು ಕತ್ತರಿಸಿ, ಅಂಗಡಿ ಬಾಗಿಲಿಗೆ ತೋರಣದ ಹಾಗೆ ತೂಗುಹಾಕಿದೀನಿ ಇಂಜಿನಿಯರ್ರೇ. ಹೋಗಿ ಬರೋರೆಲ್ಲ ನೋಡ್ಲಿ ಅಂತ. ನೀವೂ ಬಂದು ನೋಡಿ. ಬೂಸ್ಟರ್ ಇಟ್ಟದ್ದು ನನ್ನ ತಪ್ಪು, ಅದಕ್ಕೆ ಎಷ್ಟು ಶಿಕ್ಷೆಯೋ ಅಷ್ಟು ಕೊಡಿ. ನಿಮ್ಮ ತಪ್ಪನ್ನೂ ತಂದು ನನ್ನ ತಲೆಗೆ ಕಟ್ಬೇಡಿ."

ಮ್ಯಾನೇಜರ್‌ಗೆ ಫೋನ್ ಮಾಡಿದೆ. ಮತ್ತೆ ಹೋಗಿ ಅಳೆಯಬೇಕು ಎಂದೆ.

"ಅದು ಕ್ಲೋಸ್ ಆದ ಕಂಪ್ಲೇಂಟ್ ಮಾರಾಯ್ರೇ. ನೀವೇ ಕಾರಣ ಬರೆದು ಕೊಟ್ಟಿದೀರಿ. ಮತ್ತೆ ಓಪನ್ ಮಾಡಿದ್ರೆ ನಿಮ್ಮ ರಿಪೋರ್ಟೇ ಸುಳ್ಳು ಅಂತ ಆಗ್ತದೆ, ಬೇಕಾ?"

ಬೇಕಿತ್ತು. ಮಳೆ ಬಿಡದೆ ಹಿಡಿದ ನಾಲ್ಕನೇ ದಿನ ರಜೆ ಹಾಕಿ ಹೊರಟೆ. ಜೀಪು ಗುತ್ತಿಗೆದಾರರದ್ದು, ರಜೆಯಲ್ಲಿ ಒಯ್ಯುವ ಹಾಗಿಲ್ಲ. ಡ್ರೈವರು ತಮ್ಮ ಭಾವನ ಓಮ್ನಿ ತಂದರು. "ನಿಮ್ಮ ಮುಖ ನೋಡಿದ್ರೆ ಇವತ್ತು ಊಟಕ್ಕೆ ಕೊಪ್ಪ ಇಲ್ಲ ಅಂತ ಗೊತ್ತಾಗ್ತದೆ," ಎಂದು ಬುತ್ತಿ ಕಟ್ಟಿಸಿಕೊಂಡೇ ಬಂದಿದ್ದರು.

ಅಂಗಡಿಯ ಬಾಗಿಲಲ್ಲಿ ಬೂಸ್ಟರ್ ನಿಜವಾಗಿ ನೇತಾಡುತ್ತಿತ್ತು, ಮಳೆಯಲ್ಲಿ ತೊಯ್ದು. ಅಕ್ಕ ಒಳಗಿನಿಂದ ನೋಡಿದರು, ಬನ್ನಿ ಎನ್ನಲಿಲ್ಲ.

ಟವರಿನ ಬುಡಕ್ಕೆ ಹೋಗಿ ಪೆಟ್ಟಿಗೆ ಹಚ್ಚಿದೆ. ಅದೇ ಉಬ್ಬು. ಅದೇ ಪಡುವಣ ದಿಕ್ಕು. ಬೂಸ್ಟರ್ ಸತ್ತು ಮೂರು ವಾರವಾಗಿದೆ, ಉಬ್ಬು ಬದುಕಿದೆ. ಅಲ್ಲಿಂದ ಅಂಗಡಿಗೆ ಇಳಿದು, ಅಂಗಡಿಯ ಹಿಂದೆ ನಿಂತು ಹಿಡಿದೆ. ನಾನು ಅಂಗಡಿ ದಾಟಿದ್ದರೂ ದಿಕ್ಕು ಪಡುವಣವೇ. ಕಳ್ಳ ಅಂಗಡಿಯಲ್ಲಿದ್ದರೆ ಈಗ ನನ್ನ ಬೆನ್ನ ಹಿಂದೆ ತೋರಿಸಬೇಕಿತ್ತು. ಡ್ರೈವರ್ ಇನ್ನೂ ಎರಡು ಕಡೆಗೆ ಕರೆದೊಯ್ದರು, ಒಂದು ಜಯಪುರದ ದಾರಿಯ ಏರು, ಇನ್ನೊಂದು ಒಂದು ಬೋಳುಗುಡ್ಡದ ನೆತ್ತಿ. ಎರಡೂ ಕಡೆ ಹಿಡಿದ ದಿಕ್ಕನ್ನು ನಕ್ಷೆಯ ಮೇಲೆ ಗೆರೆ ಎಳೆದೆ. ಗೆರೆಗಳು ಊರಿನಲ್ಲಿ ಕೂಡಲಿಲ್ಲ. ಊರು ದಾಟಿ, ಶೃಂಗೇರಿ ದಾಟಿ, ಹದಿನೈದಿಪ್ಪತ್ತು ಕಿಲೋಮೀಟರ್ ಆಚೆ ಕಿಗ್ಗ, ಸಿರಿಮನೆ ಕಡೆಯ ಗುಡ್ಡಗಳಲ್ಲಿ ಹೋಗಿ ಕೂಡಿದವು. ಮೊದಲ ದಿನ ನಾನು ನಿಂತ ಜಾಗದಿಂದ ನೋಡಿದರೆ ಆ ಗುಡ್ಡಗಳಿಗೂ ನನಗೂ ನಡುವೆ, ಒಂದೇ ಗೆರೆಯಲ್ಲಿ, ಪಾಪದ ಅಂಗಡಿ ಅಡ್ಡ ಬಂದಿತ್ತು, ಅಷ್ಟೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದ ಕೈ ನನ್ನದು.

ದಿಕ್ಕು ಸಾಕ್ಷಿಯಾಗುವುದಿಲ್ಲ. ಆ ಗುಡ್ಡದ ಮೇಲೆ ಇರುವುದೂ ಇದೇ ಕಂಪನಿಯ ಟವರು. "ನಮ್ಮದು ಸರಿ ಇದೆ" ಎಂದರೆ ಮುಗಿಯಿತು. ಕಳ್ಳನ ಬಾಯಿಂದಲೇ ಹೆಸರು ಹೇಳಿಸಬೇಕಿತ್ತು. ಅದು ಹೇಗೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಕಡೆಯ ಕೆಲವು ಟವರ್‌ಗಳಲ್ಲಿ ಮಾತಾಡುವುದಕ್ಕೂ ಕೇಳುವುದಕ್ಕೂ ಇರುವುದು ಒಂದೇ ದಾರಿ. ಹಾಗಾಗಿ ಸರದಿ. ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ಹೊತ್ತು ಎಲ್ಲ ಟವರ್‌ಗಳೂ ಒಟ್ಟಿಗೆ ಮಾತಾಡುತ್ತವೆ, ಆಮೇಲೆ ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚಿ ಫೋನುಗಳ ಮಾತು ಕೇಳುತ್ತವೆ. ತಾಳಮದ್ದಳೆಯಲ್ಲಿ ಒಬ್ಬರು ಅರ್ಥ ಹೇಳುವಾಗ ಎದುರಿನವರು ಸುಮ್ಮನಿರಬೇಕಲ್ಲ, ಹಾಗೆ. ಈ ಸರದಿ ತಪ್ಪದಿರಲು ಎಲ್ಲ ಟವರ್‌ಗಳ ಗಡಿಯಾರವೂ ಒಂದೇ ಆಗಿರಬೇಕು. ಆ ಗಡಿಯಾರವನ್ನು ಅವು ಆಕಾಶದ ಉಪಗ್ರಹಗಳಿಂದ ಪಡೆಯುತ್ತವೆ, ಜಿಪಿಎಸ್ ಆಂಟೆನಾ ಎಂಬ ಅಣಬೆಯಷ್ಟು ದೊಡ್ಡ ಒಂದು ಬುರುಡೆಯ ಮೂಲಕ. ಒಂದು ಟವರಿನ ಗಡಿಯಾರ ಹಿಂದೆ ಬಿದ್ದರೆ, ಉಳಿದವರೆಲ್ಲ ಕೇಳಲು ಕೂತ ಹೊತ್ತಿನಲ್ಲಿ ಅದೊಂದು ಗಂಟಲು ಹರಿಯುವ ಹಾಗೆ ಕಿರುಚುತ್ತಿರುತ್ತದೆ.

ಮೊದಲ ದಿನ ನಾನು ನೋಡಿದ್ದು ಸದ್ದು ಎಷ್ಟಿದೆ ಎಂದು ಮಾತ್ರ. ಯಾವ ಹೊತ್ತಿಗೆ ಬರುತ್ತದೆ ಎಂದು ನೋಡಿರಲಿಲ್ಲ. ಈಗ ಓಮ್ನಿಯ ಹಿಂದಿನ ಸೀಟಿನಲ್ಲಿ ಕೂತು, ಕೆಲವು ಸೆಕೆಂಡುಗಳ ಗಾಳಿಯನ್ನು ಹಾಗೇ ಲ್ಯಾಪ್‌ಟಾಪಿಗೆ ತುಂಬಿಕೊಂಡೆ. ಆಮೇಲೆ ಬೇಕಾದಷ್ಟು ಸಲ ತೆಗೆದು ಬಿಡಿಸಿ ನೋಡಬಹುದು. ಕಾಲದ ಚಿತ್ರ ತೆರೆದೆ. ಈ ಊರಿನ ಟವರ್ ಬಾಯಿ ಮುಚ್ಚಿದ ಕಿಟಕಿಯಲ್ಲಿ, ಖಾಲಿ ಇರಬೇಕಾದಲ್ಲಿ, ಒಂದು ತುಂಡು ಸದ್ದು. ಪ್ರತಿ ಸರದಿಯಲ್ಲೂ ಅದೇ ಜಾಗ, ಅದೇ ಉದ್ದ. ಕೆಟ್ಟ ಬೂಸ್ಟರಿನ ಸದ್ದಿಗೆ ಇಷ್ಟು ಶಿಸ್ತು ಇರುವುದಿಲ್ಲ.

ಇನ್ನು ಆ ತುಂಡನ್ನು ಬಿಡಿಸಿ ಓದಬೇಕು. ಸಿಗ್ನಲ್ ಸರಿಯಾಗಿ ಬಿಡಿಸಿದರೆ ಪರದೆಯ ಮೇಲೆ ಚುಕ್ಕಿಗಳು ರಂಗೋಲಿಗೆ ಇಟ್ಟ ಹಾಗೆ ಸಾಲಾಗಿ ಕೂರುತ್ತವೆ. ನನಗೆ ಕಂಡದ್ದು ಅಂಗಳದಲ್ಲಿ ಚೆಲ್ಲಿದ ಎಳ್ಳು. ಎರಡು ಗಂಟೆ ಹೊಡೆದಾಡಿದೆ. ಕಂಪನಾಂಕ ತಿದ್ದಿದೆ, ಅಗಲ ತಿದ್ದಿದೆ, ಮತ್ತೆ ಗಾಳಿ ತುಂಬಿಸಿದೆ. ಎಳ್ಳೇ. ಸಾಫ್ಟ್‌ವೇರ್ ಕೆಂಪು ಅಕ್ಷರದಲ್ಲಿ "ಹೊಂದಾಣಿಕೆ ಸಿಗಲಿಲ್ಲ" ಎನ್ನುತ್ತಲೇ ಇತ್ತು.

"ಊಟ ಮಾಡಿ ಸಾರ್, ಎಳ್ಳು ಎಲ್ಲೂ ಓಡಿ ಹೋಗೋದಿಲ್ಲ," ಎಂದರು ಡ್ರೈವರ್.

ಚಿತ್ರಾನ್ನ ಬಾಯಿಗಿಡುವಾಗ ಹೊಳೆಯಿತು. ನಾನು ಸಾಫ್ಟ್‌ವೇರಿಗೆ ಈ ಊರಿನ ಟವರಿನ ಗಡಿಯಾರ ಕೊಟ್ಟು, ಅದರ ಪ್ರಕಾರ ಓದು ಎನ್ನುತ್ತಿದ್ದೆ. ಕಳ್ಳನ ದೋಷವೇ ಗಡಿಯಾರದ್ದು. ಅವನನ್ನು ನಮ್ಮ ಗಡಿಯಾರ ಹಿಡಿದು ಓದಿದರೆ ಎಳ್ಳಲ್ಲದೆ ಇನ್ನೇನು! ಕೈ ತೊಳೆಯದೆಯೇ ಆ ಗಂಟು ಬಿಚ್ಚಿದೆ. ನಿನಗೆ ನೀನೇ ಶುರು ಎಲ್ಲಿ ಎಂದು ಹುಡುಕಿಕೋ ಎಂದು ಬಿಟ್ಟೆ.

ಚುಕ್ಕಿಗಳು ಕೂತವು. ನಾಲ್ಕು ಗುಂಪು, ಅಂಚು ಸ್ವಲ್ಪ ಮಂಜು, ಆದರೆ ಸ್ಪಷ್ಟ. ಮೂಲೆಯಲ್ಲಿ ಒಂದು ಸಂಖ್ಯೆ. ಟವರಿನ ಪ್ರತಿ ದಿಕ್ಕಿಗಿರುವ ಮುಖವೂ ತನ್ನ ಗುರುತಿನ ಸಂಖ್ಯೆಯನ್ನು ಸಿಗ್ನಲ್ಲಿನೊಳಗೇ ಹೇಳುತ್ತಿರುತ್ತದೆ. ಬೂಸ್ಟರಿಗೆ ಅಂಥ ಸ್ವಂತ ಹೆಸರಿಲ್ಲ. ಅದು ಊರಿನ ಟವರಿನ ಸಂಖ್ಯೆಯನ್ನೇ ಗಿಳಿಯ ಹಾಗೆ ಹೇಳುತ್ತದೆ. ಇದು ಊರಿನ ಸಂಖ್ಯೆಯಲ್ಲ. ಪಟ್ಟಿ ತೆಗೆದು ನೋಡಿದೆ. ಸಿರಿಮನೆ ಕಡೆಯ ಗುಡ್ಡದ ಟವರು, ಮೂಡಣ ಮುಖ. ಸರದಿಗಿಂತ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ತಡ. ಕಳ್ಳ ಇಷ್ಟು ದಿನವೂ ತನ್ನ ಹೆಸರು ಕೂಗಿಕೊಂಡೇ ಕದಿಯುತ್ತಿದ್ದ. ಕೇಳುವ ಕೆಲಸಕ್ಕೆ ಸಂಬಳ ಪಡೆಯುವ ನಾನು ಕೇಳಿರಲಿಲ್ಲ.

ಮಾರನೇ ದಿನ ಅದೇ ಓಮ್ನಿಯಲ್ಲಿ ಶೃಂಗೇರಿ ಮೇಲೆ ಹಾದು ಕಿಗ್ಗದ ದಾರಿ ಹಿಡಿದೆವು. ಕೊನೆಯ ಏರು ನಡೆದೇ ಹತ್ತಬೇಕು. ಗೇಟಿನಲ್ಲಿ ಕಾವಲಿನವರು ಸಿಕ್ಕಿದರು. ಐವತ್ತೈದು ದಾಟಿದ ಮನುಷ್ಯ. ಹಿಂದೆ ಅಡಿಕೆ ಮರ ಹತ್ತಿ ಗೊನೆ ತೆಗೆಯುತ್ತಿದ್ದರಂತೆ. ಮೊಣಕಾಲು ಕೈಕೊಟ್ಟ ಮೇಲೆ ಈ ಕೆಲಸ.

"ಜಿಪಿಎಸ್ ಆಂಟೆನಾ ಎಲ್ಲಿದೆ?" ಎಂದೆ.

"ಯಾವುದು, ಅಣಬೆಯಾ? ಬನ್ನಿ, ಚೆನ್ನಾಗಿ ಇಟ್ಟಿದೀನಿ."

ಯಂತ್ರದ ಕೋಣೆಯ ಹಿಂದೆ, ಎದೆಮಟ್ಟದ ಕಂಬದ ಮೇಲೆ ಅಣಬೆ ಇರಬೇಕಿತ್ತು. ಅಲ್ಲಿ ಇದ್ದದ್ದು ಕೊಟ್ಟೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಳೆರೋಗ ಬಾರದಿರಲಿ ಎಂದು ಹೊದಿಸುವ ಮುಚ್ಚಿಗೆಗೆ ನಮ್ಮ ಕಡೆ ಕೊಟ್ಟೆ ಎನ್ನುತ್ತಾರೆ. ಈಗ ಎಲ್ಲರೂ ಪ್ಲಾಸ್ಟಿಕ್ ಕಟ್ಟುತ್ತಾರೆ, ಇವರು ಹಳಬರು. ಅಡಿಕೆ ಹಾಳೆಯನ್ನೇ ಮೂರು ಪದರ ಸೇರಿಸಿ, ನೀರು ಇಳಿದು ಹೋಗುವ ಹಾಗೆ ಓರೆ ಕೊಟ್ಟು, ಗಾಳಿಗೆ ಹಾರದ ಹಾಗೆ ಬಿಗಿದು ಕಟ್ಟಿದ್ದರು. ಅಷ್ಟು ಚಂದದ ಕೊಟ್ಟೆಯನ್ನು ನಾನು ನನ್ನ ಅಜ್ಜನ ಕಾಲದ ನಂತರ ನೋಡಿರಲಿಲ್ಲ. ಒಣಗಿದ ಹಾಳೆಯನ್ನು ದಾಟಿ ಉಪಗ್ರಹದ ಸಿಗ್ನಲ್ ಬರುತ್ತದೆ. ನಾಲ್ಕು ದಿನ ನೀರು ಕುಡಿದ ಮೂರು ಪದರ ಹಾಳೆ ಎಂದರೆ ಆಕಾಶಕ್ಕೆ ಬಾಗಿಲು ಹಾಕಿದ ಹಾಗೆ. ಮಳೆಯಲ್ಲಿ ತೊಂದರೆ, ಬಿಸಿಲಿಗೆ ಸರಿ! ಎರಡು ದಿನ ಬಿಟ್ಟು ಬಿದ್ದ ಆ ಬಿಸಿಲೇ ಅಕ್ಕನನ್ನು ಕಳ್ಳಿ ಮಾಡಿದ್ದು.

"ಯಾಕೆ ಕಟ್ಟಿದಿರಿ ಇದನ್ನ?"

"ತಲೆ ಒಡೆದು ಹೋಗಿದೆ ಸಾರ್ ಅದರದ್ದು. ಬಿರುಕು. ಹೋದ ವರ್ಷದಿಂದ ಬಂದ ಬಂದವರಿಗೆಲ್ಲ ಹೇಳಿದೆ, ಮೂರು ಜನಕ್ಕೆ. ನೋಡೋಣ ನೋಡೋಣ ಅಂತ ಹೋದ್ರು. ನೀರು ಇಳಿದ್ರೆ ಕೊಳೀತದಲ್ಲ, ಕಣ್ಣೆದುರಿಗೆ ಕೊಳೆಯೋದನ್ನ ಹೇಗೆ ನೋಡ್ತಾ ಕೂರೋದು?" ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಎಂತ, ಕಟ್ಟಬಾರದಿತ್ತಾ?"

ಬಿಚ್ಚಿದೆವು. ಹಾಳೆಯಿಂದ ನೀರು ಬೊಗಸೆಗಟ್ಟಲೆ ಸುರಿಯಿತು. ಒರೆಸಿ, ಬಿರುಕಿಗೆ ನನ್ನ ಬಳಿ ಇದ್ದ ಅಂಟು ಪಟ್ಟಿ ಸುತ್ತಿದೆ. ಒಳಗೆ ಹೋಗಿ ಟವರಿನ ಯಂತ್ರಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಒಂದೊಂದಾಗಿ ಉಪಗ್ರಹಗಳು ಬಂದವು. ಗಡಿಯಾರ ಜಿಗಿದು ಸರದಿಗೆ ಕೂತಿತು.

ಇಲ್ಲಿಯವರೆಗೆ ನನಗೆ ಬೇಸರವಿತ್ತು, ನಾಚಿಕೆಯಿತ್ತು. ಸಿಟ್ಟು ಬಂದದ್ದು ಯಂತ್ರದೊಳಗಿನ ಅಲಾರಂ ಪುಸ್ತಕ, ಎಂದರೆ ಅದು ಕೊಟ್ಟ ಎಚ್ಚರಿಕೆಗಳ ದಾಖಲೆ, ತೆರೆದ ಮೇಲೆ.

ಗಡಿಯಾರ ಕಳೆದುಕೊಂಡ ಟವರ್ ಸುಮ್ಮನಿರುವುದಿಲ್ಲ. "ನನಗೆ ಹೊತ್ತು ಗೊತ್ತಾಗುತ್ತಿಲ್ಲ" ಎಂದು ಮೇಲಿನ ಆಫೀಸಿಗೆ ಕೂಗುತ್ತದೆ. ಕೆಲವು ಗಂಟೆ ಕಾದು, ಯಾರೂ ಬಾರದಿದ್ದರೆ, ಪಕ್ಕದವರಿಗೆ ತೊಂದರೆ ಬೇಡವೆಂದು ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಅಷ್ಟು ಮರ್ಯಾದೆ ಯಂತ್ರಕ್ಕಿದೆ. ಈ ಯಂತ್ರವೂ ಕೂಗಿತ್ತು. ಪುಟಗಟ್ಟಲೆ, ಮಳೆ ಬಂದ ಪ್ರತಿ ಸಲ. ಆದರೆ ಅದರ ಕೂಗು ಮೇಲೆ ಹೋಗದ ಹಾಗೆ ಯಾರೋ ಆಫೀಸಿನಲ್ಲಿ ಕೂತು ತಡೆ ಹಾಕಿದ್ದರು. ತಾನೇ ಆರಿಕೊಳ್ಳುವ ಗಡುವನ್ನೂ ತೆಗೆದು, ಎಷ್ಟು ದಿನವಾದರೂ ಸರಿ, ಉರಿಯುತ್ತಲೇ ಇರು ಎಂದು ಬರೆದಿದ್ದರು. ಯಾಕೆ? ಟವರ್ ಆರಿದರೆ ತಿಂಗಳ ಪಟ್ಟಿಯಲ್ಲಿ ಕೆಂಪು ಬರುತ್ತದೆ. ತಪ್ಪು ಹೊತ್ತಿಗೆ ಕಿರುಚಿದರೂ ಪಟ್ಟಿಯಲ್ಲಿ ಹಸಿರೇ.

ಒಡೆದ ಬುರುಡೆ ನೋಡಿ ಹೊಟ್ಟೆ ಉರಿದು ಕೊಟ್ಟೆ ಕಟ್ಟಿದವರು ಒಬ್ಬರು. ಎಲ್ಲ ಗೊತ್ತಿದ್ದೂ ಯಂತ್ರದ ಬಾಯಿಗೆ ಬಟ್ಟೆ ತುರುಕಿದವರು ಇನ್ನೊಬ್ಬರು. ಅಲ್ಲಿಂದಲೇ ಮ್ಯಾನೇಜರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ ಹೇಳಿದ್ದು ಇಷ್ಟು:

"ಒಳ್ಳೇದೇ ಆಯ್ತು. ವಾಚ್‌ಮನ್ ಆಂಟೆನಾ ಮುಚ್ಚಿದ್ದರಿಂದ ಅಂತ ಬರೀರಿ. ಅವನನ್ನ ತೆಗೆದ್ರೆ ಆಯ್ತು."

"ಅಲಾರಂ ತಡೆದದ್ದು?"

"ಅದು ನಿಮ್ಮ ವ್ಯಾಪ್ತಿ ಅಲ್ಲ."

"ಆ ಅಂಗಡಿಯವರ ಮೇಲೆ ಹಾಕಿದ ದೂರು?"

"ಬೂಸ್ಟರ್ ಅಕ್ರಮ ಹೌದೋ ಅಲ್ವೋ? ಹಾಗಾದ್ರೆ ದೂರು ಇರ್ಲಿ ಬಿಡಿ. ನಿಮಗೆ ಯಾಕೆ ಊರ ಉಸಾಬರಿ?"

ಫೋನ್ ಇಟ್ಟೆ. ಹೊರಗೆ ಕಾವಲಿನವರು ಬಿಚ್ಚಿದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಗೋಡೆಗೆ ಒರಗಿಸುತ್ತಿದ್ದರು. ಮೂರು ವಾರದ ಹಿಂದೆ ಒಂದು ಹೆಸರು ಬರೆದು ಕೊಟ್ಟಿದ್ದೆ. ಈಗ ಇನ್ನೊಂದು ಹೆಸರು ಕೇಳುತ್ತಿದ್ದರು. ಕೊಡುತ್ತಾ ಹೋದರೆ ಈ ಮೂರು ತಾಲ್ಲೂಕಿನಲ್ಲಿ ಹೆಸರುಗಳಿಗೆ ಬರವಿಲ್ಲ.

ಅಲ್ಲೇ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತು ವರದಿ ಬರೆದೆ. ಓಮ್ನಿಯಲ್ಲಿ ತುಂಬಿಕೊಂಡ ಗಾಳಿ, ಚುಕ್ಕಿಗಳ ಚಿತ್ರ, ಗುರುತಿನ ಸಂಖ್ಯೆ, ನಾಲ್ಕು ಜಾಗದ ದಿಕ್ಕು, ಅಲಾರಂ ಪುಸ್ತಕದ ಪ್ರತಿ, ತಡೆ ಹಾಕಿದ ದಿನ ಎಲ್ಲ ಸೇರಿಸಿದೆ. ಮೂರು ವಾರದ ಹಿಂದಿನ ನನ್ನ ವರದಿ ತಪ್ಪು ಎಂದೂ ಬರೆದೆ. ಕಾವಲಿನವರು ಬಿರುಕಿನ ವಿಷಯ ಮೂರು ಸಲ ತಿಳಿಸಿದ್ದಾರೆ ಎಂದು ಬರೆದೆ. ಕಂಪನಿಗೆ ಕಳಿಸಿದೆ. ಅಂಗಡಿಯವರ ಮೇಲೆ ದೂರು ಹೋಗಿದ್ದ ಸರ್ಕಾರಿ ಕಚೇರಿಗೂ ಅದೇ ಕ್ಷಣ ಕಳಿಸಿದೆ. ಅದನ್ನು ಕಳಿಸಲು ನನಗೆ ಅಧಿಕಾರವಿರಲಿಲ್ಲ. ಆ ವರ್ಷದ ಕೊನೆಗೆ ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ಬರೆದು ಕೊಡಿ ಎಂದರೆ ಕೊಡಲಿಲ್ಲ. ಕಾವಲಿನವರ ಕೆಲಸ ಉಳಿಯಿತು. ಅಣಬೆಗೆ ಹೊಸ ತಲೆ ಬಂತು.

ಎರಡು ದಿನ ಬಿಟ್ಟು, ಜೋರು ಮಳೆಯಲ್ಲೇ, ಮೇಗುಂದದ ಕಡೆಗೆ ಹೋದೆ. ಮೊದಲು ಟವರಿನ ಬುಡಕ್ಕೆ. ಪರದೆ ಸಮ ನೆಲದ ಹಾಗಿತ್ತು. ಆಮೇಲೆ ಅಂಗಡಿಗೆ.

"ಅಕ್ಕ, ನಿಮ್ಮ ಬೂಸ್ಟರಿಂದ ಆದದ್ದಲ್ಲ. ನಮ್ಮದೇ ತಪ್ಪು. ಸರಿ ಮಾಡಿದೀವಿ. ಕಚೇರಿಗೂ ಬರೆದಿದೀನಿ."

"ಯಾರಿಗೆ ಹೇಳ್ತಿದೀರಿ?" ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ನನ್ನ ಬೂಸ್ಟರಿಂದ ಅಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು."

"ಊರವರಿಗೆ ಹೇಳ್ತೇನೆ."

"ಹೇಳಿದ್ದು ನೀವು ಗೇರು ಹಾಕೋಷ್ಟರಲ್ಲಿ ಕರಗಿ ಹೋಗ್ತದೆ. ನನ್ನ ಹೆಸರು ಕಾಗದದಲ್ಲಿ ಬಂದಿತ್ತಲ್ಲ? ಹಾಗಾದ್ರೆ ಕಾಗದದಲ್ಲೇ ಹೋಗ್ಬೇಕು. ಕೂರಿ. ನೀವು ಹೇಳಿ, ನಾನು ಟೈಪ್ ಮಾಡ್ತೀನಿ."

ಕೂತೆ. ರೂಢಿಯಂತೆ ಶುರು ಮಾಡಿದೆ. "ತಾಂತ್ರಿಕ ಕಾರಣಗಳಿಂದ ಉಂಟಾದ ಅಡಚಣೆಯ ಕುರಿತು..."

ಅವರ ಬೆರಳು ನಿಂತಿತು. "ಎಂಥ ತಾಂತ್ರಿಕ? ನನ್ನ ಬಗ್ಗೆ ಬರೀವಾಗ ಅಂಗಡಿ ಹೆಸರು ಇತ್ತು, ಗಂಡನ ಹೆಸರು ಇತ್ತು. ನಿಮ್ಮ ಬಗ್ಗೆ ಬರೀವಾಗ ತಾಂತ್ರಿಕವಾ?"

ಮತ್ತೆ ಹೇಳಿದೆ. ಸಿರಿಮನೆ ಕಡೆಯ ಟವರಿನ ಗಡಿಯಾರ ಕೆಟ್ಟದ್ದು, ಆಫೀಸಿನವರು ಅದನ್ನು ಮುಚ್ಚಿಟ್ಟದ್ದು. ಅವರು ಟೈಪ್ ಮಾಡಿದರು. ಮುಗಿಯಿತೆಂದು ಎದ್ದೆ.

"ಕೂರಿ. ನೀವು ಮಾಡಿದ್ದು ಬಂದಿಲ್ಲ ಇದರಲ್ಲಿ. ಆವತ್ತು ನಾನು ಆರಿಸಿ, ಹೋಗಿ ನೋಡಿ ಅಂದಿದ್ದೆ. ನೋಡಿದ್ರಾ?"

"ಇಲ್ಲ."

"ಹೇಳಿ ಹಾಗಾದ್ರೆ."

ಹೇಳಿದೆ. ಇವರು ಯಂತ್ರ ಆರಿಸಿ ಪರೀಕ್ಷಿಸಿ ಎಂದಾಗ ನಾನು ಪರೀಕ್ಷಿಸದೆ ಇವರ ಹೆಸರು ಬರೆದು ಕೊಟ್ಟೆ, ಎಂದು. ಒಂದೊಂದು ಪದವನ್ನೂ ಅವರು ನಿಧಾನವಾಗಿ ಒತ್ತಿದರು. ಪ್ರಿಂಟು ಬಂತು. ಸಹಿ ಹಾಕಿದೆ. "ಸೀಲ್ ಇಲ್ವಾ?" ಎಂದರು. ಗುತ್ತಿಗೆ ನೌಕರನಿಗೆ ಎಲ್ಲಿಯ ಸೀಲು. ಇಂಕಿನ ಡಬ್ಬಿ ಮುಂದಕ್ಕೆ ತಳ್ಳಿದರು. ಹೆಬ್ಬೆಟ್ಟು ಒತ್ತಿದೆ.

ಅವರು ಕಾಗದವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಫೋನು ತೆಗೆದು ಒಂದು ನಂಬರ್ ಒತ್ತಿದರು. ಸ್ಪೀಕರಿಗೆ ಹಾಕಿದರು. ರಿಂಗಾಯಿತು.

"ಹಲೋ?" ಮಾತು ಬಿಟ್ಟ ಪಕ್ಕದ ಮನೆಯ ಹೆಂಗಸಿನ ದನಿ.

"ನಾನು, ಅಂಗಡಿಯವಳು. ನನ್ನ ಮಾತು ಕೇಳಿಸ್ತದಾ?"

ಆ ಕಡೆಯಿಂದ ಬಂತು. "ಕೇಳಿಸ್ತದೆ."

"ಹಾಗಾದ್ರೆ ಪೂರ್ತಿ ಕೇಳಿ." ಅಕ್ಕ ಓದಲು ಶುರು ಮಾಡಿದರು. ದನಿಯಲ್ಲಿ ಅಳುವಿರಲಿಲ್ಲ, ಗೆಲುವೂ ಇರಲಿಲ್ಲ. ಸಂಘದ ಸಭೆಯಲ್ಲಿ ನಡಾವಳಿ ಓದುವವರ ಹಾಗೆ ಓದಿದರು. ಗಡಿಯಾರದ ಸಾಲು ಮುಗಿಯಿತು. ಆಫೀಸಿನವರ ಸಾಲು ಮುಗಿಯಿತು. ನನ್ನ ಸಾಲು ಅರ್ಧಕ್ಕೆ ಬಂದಿತ್ತು, ಫೋನಿನಲ್ಲಿ ಟುಂಯ್ ಎಂದು ಸದ್ದಾಗಿ ಆ ಕಡೆ ಸುಮ್ಮನಾಯಿತು.

ನನ್ನ ಕೈ ತಾನಾಗಿ ಪೆಟ್ಟಿಗೆಯ ಕಡೆಗೆ ಹೋಯಿತು. "ಕಟ್ ಆಯ್ತಾ ಅಕ್ಕ? ನೋಡ್ತೀನಿ ಇರಿ..."

"ಸಿಗ್ನಲ್ ಸರಿ ಇದೆ," ಎಂದರು. "ಅವರೇ ಫೋನ್ ಇಟ್ರು."

ಕಾಗದದಲ್ಲಿ ಓದು ನಿಂತ ಜಾಗಕ್ಕೆ ಬೆರಳಿಟ್ಟುಕೊಂಡು, ಮತ್ತೆ ಅದೇ ನಂಬರ್ ಒತ್ತಿದರು.